ಭಂಗಾರದಲ್ಲಿ ಸಿಕ್ಕಿದ್ದು ಏನು?

ಐರೋಲಿಯ ಭಂಗಾರದ ಅಂಗಡಿಯಲ್ಲೋ ಮುಂಬಯಿಯ ಚೋರ್ ಬಜಾರಿನಲ್ಲೋ ಹಿತ್ತಾಳೆಯ ವಿಚಿತ್ರ ವಸ್ತುವೊಂದು ಕಣ್ಣಿಗೆ ಬಿದ್ದರೆ ಹಾಗೇ ಮುಂದೆ ಹೋಗಬೇಡಿ. ಕೊಳ್ಳುವವರಿಲ್ಲದಿದ್ದರೆ ಅದು ಕಿಲೋ ಲೆಕ್ಕದಲ್ಲಿ ಕರಗಿಸಲು ಹೋಗುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಮೊದಲು ಅದು ಕತ್ತರಿಸುತ್ತದೆಯೇ, ಒತ್ತುತ್ತದೆಯೇ, ಅಳೆಯುತ್ತದೆಯೇ ಎಂದು ನೋಡಿ. ಮಣೆಗೆ ಬಾಗಿದ ಅಲಗು, ಅದರ ತುದಿಗೆ ಹಲ್ಲುಗಳಿದ್ದರೆ ಅದು ಈಳಿಗೆ ಮಣೆ. ಮಲೆನಾಡಿನವರಿಗೆ ಮೆಟ್ಟುಗತ್ತಿ, ನಮ್ಮ ಮರಾಠಿ ನೆರೆಯವರಿಗೆ ವಿಳಿ. ಹಲ್ಲಿನ ತುದಿ ಕಾಯಿ ತುರಿಯಲು. ಕೊಳವೆಯಾಕಾರದ ಒರಳಿನ ಬಿಲ್ಲೆಯಲ್ಲಿ ಸಣ್ಣ ತೂತುಗಳಿದ್ದರೆ ಶಾವಿಗೆಗೆ, ನಕ್ಷತ್ರದಂಥ ತೂತಿದ್ದರೆ ಚಕ್ಕುಲಿಗೆ. ಮರಾಠಿಯಲ್ಲಿ ಇದೇ ಸೋರ್ಯಾ. ಕಾವಲಿಯಲ್ಲಿ ಗುಳಿಗಳಿದ್ದರೆ ಕರಾವಳಿಯವರು ಗುಳಿಯಪ್ಪದ್ದು ಎನ್ನುತ್ತಾರೆ, ದಾವಣಗೆರೆಯವರು ಪಡ್ಡಿನದು ಎನ್ನುತ್ತಾರೆ, ಇಲ್ಲಿಯವರು ಅಪ್ಪೆ ಪಾತ್ರ ಎನ್ನುತ್ತಾರೆ.

ನಮ್ಮವರನ್ನು ತಬ್ಬಿಬ್ಬು ಮಾಡುವುದು ಪುರಣ ಯಂತ್ರ. ತೂತುಗಳ ತಳ, ಮೇಲೆ ತಿರುಗಿಸುವ ಹಿಡಿ. ಬೆಂದ ಕಡಲೆಬೇಳೆಯನ್ನು ಹೋಳಿಗೆಗಾಗಿ ನುಣ್ಣಗೆ ಮಾಡುವ ಸಾಧನವಿದು. ಹೂರಣವನ್ನು ಒರಳಿನಲ್ಲೇ ರುಬ್ಬಿದ ಮನೆಯವರಿಗೆ ಇದು ಹೊಸದಾಗಿ ಕಾಣುವುದು ಸಹಜ.

ಅಳತೆಯ ಪಾತ್ರೆಯಾದರೆ ಮುದ್ರೆ ಹುಡುಕಿ. ದೇಶದಲ್ಲಿ ಮೆಟ್ರಿಕ್ ಪದ್ಧತಿ 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಬಂತು. ಸರ್ಕಾರಿ ಮುದ್ರೆಯಿರುವ ಸೇರು, ಪಾವು ಸಾಮಾನ್ಯವಾಗಿ ಅದಕ್ಕೂ ಹಿಂದಿನವು.

ಕೊಳ್ಳುವ ಮುನ್ನ ಒಂದು ಅಯಸ್ಕಾಂತ ಜೇಬಿನಲ್ಲಿರಲಿ. ಹಿತ್ತಾಳೆಗೆ ಅದು ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣವಿದೆ, ಮೇಲೆ ಬರೀ ಲೇಪ. ಇನ್ನೊಂದು ಮಾತು, ಇದು ಆರೋಗ್ಯದ್ದು: ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಹುಳಿ, ಸಾರು, ಮಜ್ಜಿಗೆ ಬೇಡವೇ ಬೇಡ. ಹುಳಿಗೆ ಲೋಹ ಕರಗಿ ಹೊಟ್ಟೆಗೆ ಸೇರುತ್ತದೆ. ತವರದ ಕಲಾಯಿ ಹಾಕಿಸಿದ ಮೇಲೆಯೇ ಅಡುಗೆಗೆ ಇಳಿಸಿ. ಬಿರುಕು ಬಿಟ್ಟದ್ದು, ಬೆಸುಗೆ ಹಾಕಿದ್ದು ಶೋಕೇಸಿನಲ್ಲಿ ಇರಲಿ.

ಹೋಲಿಸಿ ನೋಡಲು ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯವಿದೆ. ಅಲ್ಲಿನ ಅಡಕತ್ತರಿಗಳನ್ನು ನೋಡಲೆಂದೇ ಒಂದು ಭಾನುವಾರ ಹೋಗಿಬರಬಹುದು.

ಕೊನೆಗೆ ಒಂದು ಕೆಲಸ. ಆ ವಸ್ತುವನ್ನು ಮನೆಯ ಹಿರಿಯರ ಕೈಗೆ ಕೊಡಿ, ಅವರು ಹೇಳುವ ಹೆಸರನ್ನು ಚೀಟಿಯಲ್ಲಿ ಬರೆದು ಹಿಡಿಗೆ ಕಟ್ಟಿ. ಮುಂಬಯಿಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ವಸ್ತು ಎಲ್ಲಾದರೂ ಸಿಕ್ಕೀತು, ಅದರ ಕನ್ನಡ ಹೆಸರು ಸಿಗುವುದು ಅಜ್ಜಿಯ ಬಾಯಲ್ಲಿ ಮಾತ್ರ.