ಹೊಳೆಯ ಲೆಕ್ಕಕ್ಕೆ ಒಂದೇ ಅಂಗಳ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನುಗ್ಗಿತು. ಬಾದಾಮಿ, ಹುನಗುಂದ ತಾಲ್ಲೂಕುಗಳ ಹೊಳೆದಂಡೆಯ ಜನ ಗಂಟುಮೂಟೆ ಕಟ್ಟಿಕೊಂಡು ಎತ್ತರದ ಜಾಗ ಹುಡುಕಿದರು. ಅಂಥ ಹೊತ್ತಿನಲ್ಲಿ ಎಲ್ಲರೂ ಕೇಳುವುದು ಇಷ್ಟೇ: ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ನಮ್ಮೂರಿಗೆ ಯಾವಾಗ ಮುಟ್ಟುತ್ತದೆ, ಎಷ್ಟು ಏರುತ್ತದೆ?

ಉತ್ತರ ಹೇಳುವ ಗಣಿತ ಹೊಸದಲ್ಲ. 1930ರ ದಶಕದಲ್ಲಿ ಅಮೆರಿಕದ ಹೊಳೆಯೊಂದಕ್ಕಾಗಿ ರೂಪಿಸಿದ ಮಸ್ಕಿಂಗಮ್ ವಿಧಾನವನ್ನು ಸಿವಿಲ್ ಎಂಜಿನಿಯರಿಂಗ್ ಓದುವವರು ಇಂದಿಗೂ ಕಲಿಯುತ್ತಾರೆ. ಬಾಗಲಕೋಟೆಯಲ್ಲಿ 1963ರಿಂದಲೇ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಇದೆ. ಲೆಕ್ಕ ಬಲ್ಲವರಿಗೆ ಜಿಲ್ಲೆಯಲ್ಲಿ ಬರವಿಲ್ಲ. ತೊಡಕು ಇರುವುದು ಲೆಕ್ಕ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ದಾಟುವಲ್ಲಿ.

ವಿದ್ಯಾರ್ಥಿಗಳ ಪ್ರಾಜೆಕ್ಟ್ ಹೇಗೆ ನಡೆಯುತ್ತದೆ ನೋಡಿ. ಮಳೆಯ ಅಂಕಿ ಎಕ್ಸೆಲ್‌ನಲ್ಲಿ, ನಕಾಶೆ ಬೇರೊಂದರಲ್ಲಿ, ಸೂತ್ರ ಸಿ ಪ್ರೋಗ್ರಾಮಿನಲ್ಲಿ, ವರದಿ ವರ್ಡ್‌ನಲ್ಲಿ. ಕೊನೆಯ ವಾರ ಗೈಡ್ ಒಂದು ಅಂಕಿ ತಿದ್ದಿಸುತ್ತಾರೆ. ಕೋಷ್ಟಕ ಬದಲಾಗುತ್ತದೆ, ವರದಿಯ ಗ್ರಾಫ್ ಮಾತ್ರ ಹಳೆಯದೇ ಉಳಿಯುತ್ತದೆ. ಬೈಂಡಿಂಗ್ ಆದ ಮೇಲೆ ಅದನ್ನು ಗಮನಿಸುವವರು ಯಾರು?

ಅಳತೆಗಳ ಕಾಟ ಇದಕ್ಕಿಂತ ದೊಡ್ಡದು. ನಮ್ಮಲ್ಲಿ ಅಣೆಕಟ್ಟಿನ ಮಟ್ಟ ಮೀಟರಿನಲ್ಲಿ, ಸಂಗ್ರಹ ಟಿಎಂಸಿಯಲ್ಲಿ, ಹರಿವು ಕ್ಯೂಸೆಕ್‌ನಲ್ಲಿ. ಪಠ್ಯಪುಸ್ತಕದಲ್ಲಿ ಎಲ್ಲವೂ ಘನಮೀಟರ್. ಆಲಮಟ್ಟಿ 519.60 ಮೀಟರಿಗೆ ತುಂಬಿದಾಗ ಅಲ್ಲಿರುವುದು ಸುಮಾರು 123 ಟಿಎಂಸಿ ನೀರು. ಒಂದು ಲಕ್ಷ ಕ್ಯೂಸೆಕ್ ಒಳಹರಿವು ಇಡೀ ದಿನ ಇದ್ದರೆ ಸೇರುವುದು 8.64 ಟಿಎಂಸಿ. ಈ ಪರಿವರ್ತನೆಯಲ್ಲಿ ಎಡವುವುದು ಹುಡುಗರಷ್ಟೇ ಅಲ್ಲ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಬಳಿ ಕೈತಪ್ಪಿದ್ದು ಇದೇ ಕಾರಣಕ್ಕೆ: ಒಂದು ತಂತ್ರಾಂಶ ಪೌಂಡ್ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ನ್ಯೂಟನ್ ಎಂದು ತಿಳಿಯಿತು.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅಲ್ಲಿ ಕೊಂಡಿ ಹಾಕುವವರ ಕೈ ಪಳಗಿದ್ದು. ಕಂಪ್ಯೂಟರಿನಲ್ಲಿ ಕಾಪಿ, ಪೇಸ್ಟ್ ಮಾಡುತ್ತ ಅವಸರದಲ್ಲಿ ನಾವು ಹಾಕುವ ಕೊಂಡಿಗಳಿಗೆ ಆ ಭರವಸೆ ಇಲ್ಲ. ಅಂಕಿ ಓದುವುದು, ಸಮೀಕರಣ ಬಿಡಿಸುವುದು, ಗ್ರಾಫ್ ಎಳೆಯುವುದು, ವಿವರಣೆ ಬರೆಯುವುದು, ಇಷ್ಟನ್ನೂ ಒಂದೇ ಅಂಗಳದಲ್ಲಿ ಮಾಡಿಸುವ ಸಮಗ್ರ ವೇದಿಕೆ ಬೇಕಾಗುವುದು ಇಲ್ಲಿಯೇ.

ಈ ದಾರಿ ಹುಟ್ಟಿದ್ದೂ ತರಗತಿಯಲ್ಲಿ. ಕ್ಲೀವ್ ಮೋಲರ್ ಎಂಬ ಗಣಿತದ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳು ಫೋರ್ಟ್ರಾನ್‌ನಲ್ಲಿ ಹೆಣಗಬಾರದೆಂದು 1970ರ ದಶಕದ ಕೊನೆಗೆ ಮ್ಯಾಟ್‌ಲ್ಯಾಬ್ ಬರೆದರು; 1984ರಲ್ಲಿ ಅದು ಕಂಪನಿಯಾಯಿತು. 1988ರಲ್ಲಿ ಮ್ಯಾಥಮ್ಯಾಟಿಕಾ ಬಂತು. ಈಗ ಜುಪಿಟರ್ ನೋಟ್‌ಬುಕ್‌ನಲ್ಲಿ ಪೈಥಾನ್ ಕೋಡ್, ಗ್ರಾಫ್, ಬರಹ ಒಂದರ ಕೆಳಗೊಂದು ನಿಲ್ಲುತ್ತವೆ. ಮೇಲಿನ ಒಂದು ಅಂಕಿ ತಿದ್ದಿ ಎಲ್ಲವನ್ನೂ ಮತ್ತೆ ಓಡಿಸಿದರೆ ಕೆಳಗಿನದೆಲ್ಲ ತಾನಾಗಿ ಬದಲಾಗುತ್ತದೆ. ಪಿಂಟ್ ಎಂಬ ಲೈಬ್ರರಿ ಸೇರಿಸಿಕೊಂಡರೆ ಅಂಕಿಯ ಜೊತೆ ಅದರ ಅಳತೆಯೂ ಸಾಗುತ್ತದೆ. ಮೀಟರಿಗೆ ಕ್ಯೂಸೆಕ್ ಕೂಡಿಸಹೊರಟರೆ ತಕರಾರು ಮಾಡುತ್ತದೆ. ವಿವರಣೆಯನ್ನು ಕನ್ನಡದಲ್ಲಿ ಬರೆಯಬಹುದು. ಪೈಥಾನ್‌ನಲ್ಲಿ ‘ಒಳಹರಿವು’ ಎಂದು ಚರಾಕ್ಷರಕ್ಕೇ ಕನ್ನಡದ ಹೆಸರಿಟ್ಟರೂ ನಡೆಯುತ್ತದೆ.

ದುಡ್ಡಿನ ಮಾತು ಬಿಡುವಂತಿಲ್ಲ. ಕಾಲೇಜಿನ ಲ್ಯಾಬ್‌ನಲ್ಲಿ ಮ್ಯಾಟ್‌ಲ್ಯಾಬ್ ಲೈಸೆನ್ಸ್ ಇದ್ದ ಮಾತ್ರಕ್ಕೆ ಓದು ಮುಗಿಸಿ ಇಳಕಲ್‌ಗೋ ಹುನಗುಂದಕ್ಕೋ ಹಿಂತಿರುಗಿದವರ ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ಇರುವುದಿಲ್ಲ. ಆದ್ದರಿಂದ ನನ್ನ ಮತ ಉಚಿತ, ಮುಕ್ತ ತಂತ್ರಾಂಶಕ್ಕೆ. ಆಕ್ಟೇವ್‌ನಲ್ಲಿ ಮ್ಯಾಟ್‌ಲ್ಯಾಬ್‌ನ ಸಾಮಾನ್ಯ ಕೋಡ್ ಬಹುಮಟ್ಟಿಗೆ ಹಾಗೆಯೇ ಓಡುತ್ತದೆ. ಫ್ರಾನ್ಸ್‌ನಲ್ಲಿ ಹುಟ್ಟಿದ ಸೈಲ್ಯಾಬ್ ಅನ್ನು ಐಐಟಿ ಬಾಂಬೆಯ ಫಾಸೀ ಯೋಜನೆ ದೇಶದ ಕಾಲೇಜುಗಳಿಗೆ ಮುಟ್ಟಿಸುತ್ತಿದೆ. ಪಠ್ಯಪುಸ್ತಕದ ಬಿಡಿಸಿದ ಲೆಕ್ಕಗಳನ್ನು ಕೋಡ್ ಮಾಡಿಕೊಟ್ಟ ವಿದ್ಯಾರ್ಥಿಗಳಿಗೆ ಗೌರವಧನ ಕೊಡುವ ಕ್ರಮವನ್ನೂ ತಂದಿದೆ. ಅಲ್ಲಿಯದೇ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲೂ ಸಿಗುತ್ತವೆ.

ಅಂಗಳ ಒಂದೇ ಆದರೆ ಅಪಾಯವೂ ಅಲ್ಲೇ. ಒಂದು ಕಂಪನಿಯ ಕಡತ ರೂಪಕ್ಕೆ ಒಗ್ಗಿಕೊಂಡರೆ ಬಿಟ್ಟು ಬರುವುದು ಕಷ್ಟ. ಜುಪಿಟರ್‌ನಲ್ಲಿ ಕೋಡಿನ ತುಣುಕುಗಳನ್ನು ಹಿಂದುಮುಂದಾಗಿ ಓಡಿಸಿದರೆ ಪರದೆಯ ಉತ್ತರಕ್ಕೂ ಎದುರಿನ ಕೋಡಿಗೂ ತಾಳೆಯಾಗದೆ ಇರಬಹುದು. ಒಪ್ಪಿಸುವ ಮೊದಲು ಎಲ್ಲವನ್ನೂ ಮೇಲಿನಿಂದ ಮತ್ತೊಮ್ಮೆ ಓಡಿಸಲೇಬೇಕು. ಇನ್ನು, ಮಳೆಮಾಪಕದ ಅಂಕಿಯೇ ತಪ್ಪಿದ್ದರೆ ಯಾವ ವೇದಿಕೆಯೂ ಕಾಪಾಡದು. ನುಣುಪಾದ ಗ್ರಾಫ್ ನೋಡಿ ನಂಬಿಬಿಡುವ ಚಾಳಿ ಹುಡುಗರಿಗಿಂತ ದೊಡ್ಡವರಿಗೇ ಹೆಚ್ಚು.

ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವುಗಳನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಿನದಿನವೂ ಪ್ರಕಟಿಸುತ್ತದೆ. ಬಾಗಲಕೋಟೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ, ಈ ಸಲದ ಪ್ರಾಜೆಕ್ಟಿಗೆ ಅಂತರ್ಜಾಲದ ಯಾವುದೋ ದೇಶದ ಅಂಕಿ ಬೇಡ. ನವಿಲುತೀರ್ಥದಿಂದ ಕೂಡಲಸಂಗಮದವರೆಗಿನ ಮಲಪ್ರಭೆಯನ್ನೇ ತೆಗೆದುಕೊಳ್ಳಿ, ಮುಗಿದ ನೋಟ್‌ಬುಕ್ಕನ್ನು ಮುಂದಿನ ಬ್ಯಾಚಿಗೆ ಕೊಟ್ಟು ಹೋಗಿ.