ಕಾಲು ತೆಗೆದೊಡನೆ ನಿಂತುಹೋಗುವ ವ್ಯಾನು

ತರಕಾರಿ, ಹಾಲಿನ ಕ್ಯಾನು, ಹಿಂಡಿಯ ಮೂಟೆಗಳನ್ನು ಸಾಗಿಸುವುದಕ್ಕೆ ನಮ್ಮ ಹಳ್ಳಿಗಳಲ್ಲಿ ಹಳೆಯ ಮಾರುತಿ ಓಮ್ನಿ ವ್ಯಾನುಗಳು ಇಂದಿಗೂ ದುಡಿಯುತ್ತಿವೆ. 1984ರಲ್ಲಿ ಬಂದ ಈ ವ್ಯಾನಿನ ತಯಾರಿಕೆ 2019ರಲ್ಲಿ ನಿಂತಿತು. ಇವುಗಳ ಮಾಲೀಕರಲ್ಲಿ ಅನೇಕರ ದೂರು ಒಂದೇ: ಓಡುವಾಗ ಚೆನ್ನಾಗಿಯೇ ಓಡುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಎಂಜಿನು ನಡುಗಿ ನಿಂತುಹೋಗುತ್ತದೆ. ಮಂಡಿಯ ಬಾಗಿಲಲ್ಲಿ ಹೀಗೆ ನಿಂತು ಬೆಳಗಿನ ಹರಾಜು ತಪ್ಪಿದರೆ ಅಂದಿನ ಟೊಮ್ಯಾಟೊ ದರವೂ ತಪ್ಪಿದಂತೆಯೇ. ಇಳಿಜಾರಿನಲ್ಲಿ ನಿಂತರೆ ಇನ್ನೂ ಅಪಾಯ. ಬ್ರೇಕಿಗೆ ಬೂಸ್ಟರ್ ಇರುವ ಗಾಡಿಯಲ್ಲಿ ಎಂಜಿನು ನಿಂತ ಮೇಲೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ.

ಇಂಥ ಸಮಯದಲ್ಲಿ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ ವೇಗ ಹೆಚ್ಚಿಸಿಬಿಡುವುದು ರೂಢಿ. ಅಂದಿನ ಮಟ್ಟಿಗೆ ಕೆಲಸ ನಡೆಯುತ್ತದೆ. ಆದರೆ ರೋಗ ಹಾಗೆಯೇ ಉಳಿದು, ಪೆಟ್ರೋಲಿನ ಖರ್ಚು ಮಾತ್ರ ಏರುತ್ತದೆ. ಆದುದರಿಂದ ಸ್ಕ್ರೂವಿಗೆ ಕೈ ಹಾಕುವುದು ಕೊನೆಯ ಕೆಲಸವಾಗಬೇಕು.

ಕಾರಣವನ್ನು ತಿಳಿಯೋಣ. ಕಾಲು ತೆಗೆದಾಗ ಎಂಜಿನಿಗೆ ಗಾಳಿ ಹೋಗುವ ದಾರಿ ಬಹುತೇಕ ಮುಚ್ಚುತ್ತದೆ. ಆಗ ಸೂಜಿಯ ಮೊನೆಯಂಥ ಒಂದು ಕಿರುಜೆಟ್ಟಿನ ಮೂಲಕ ಬರುವ ಸ್ವಲ್ಪ ಪೆಟ್ರೋಲು, ಅದಕ್ಕೆ ತಕ್ಕ ಸ್ವಲ್ಪ ಗಾಳಿ, ಇಷ್ಟರಿಂದಲೇ ಎಂಜಿನು ಉಸಿರಾಡಬೇಕು. ಮೆಕ್ಯಾನಿಕರು ‘ಸ್ಲೋ’ ಅಥವಾ ‘ಐಡ್ಲಿಂಗ್’ ಎನ್ನುವುದು ಇದನ್ನೇ. ಎಲ್ಲಿಯಾದರೂ ಒಂದು ರಬ್ಬರ್ ಕೊಳವೆ ಸೀಳಿ ಕಳ್ಳಗಾಳಿ ನುಗ್ಗಿದರೆ ಈ ಅಳತೆ ಕೆಡುತ್ತದೆ. ವೇಗವಾಗಿ ಓಡುವಾಗ ಎಂಜಿನು ಬಹಳ ಗಾಳಿ ಎಳೆಯುವುದರಿಂದ ಈ ಸಣ್ಣ ಸೋರಿಕೆ ಲೆಕ್ಕಕ್ಕೇ ಬರುವುದಿಲ್ಲ. ಓಡುವಾಗ ಸರಿಯಾಗಿದ್ದು ನಿಂತಾಗ ಕೆಡುವುದರ ಗುಟ್ಟು ಇದು.

ಪರೀಕ್ಷೆಗೆ ಮುಂಚೆ ವ್ಯಾನನ್ನು ಬಯಲಿಗೆ ತನ್ನಿ. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನು ಓಡಿಸಿದರೆ ಬರುವ ವಿಷಾನಿಲಕ್ಕೆ ವಾಸನೆಯಿಲ್ಲ, ಜೀವ ತೆಗೆಯಬಲ್ಲದು. ನ್ಯೂಟ್ರಲ್ ಮಾಡಿ, ಕೈಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಹೆಗಲ ಮೇಲಿನ ವಲ್ಲಿಯನ್ನು ತೆಗೆದಿಡಿ, ಬೆಲ್ಟಿಗೆ ಸಿಕ್ಕೀತು. ಓಮ್ನಿಯ ಎಂಜಿನು ಮುಂದಿನ ಸೀಟುಗಳ ಕೆಳಗಿದೆ. ಸೀಟೆತ್ತಿದ ಮೇಲೆ ಹತ್ತಿರ ಯಾರೂ ಬೀಡಿ ಹಚ್ಚಕೂಡದು.

ಎಂಜಿನು ಬಿಸಿಯಾದ ಮೇಲೆ ಕಾರ್ಬ್ಯುರೇಟರಿನ ಸುತ್ತಲಿನ ಸಣ್ಣ ಗಾಳಿ ಕೊಳವೆಗಳನ್ನು ಒಂದೊಂದಾಗಿ ಬೆರಳಿನಿಂದ ಅದುಮಿ ನೋಡಿ. ಯಾವುದನ್ನು ಅದುಮಿದಾಗ ನಡುಕ ನಿಂತು ಶಬ್ದ ಸಮನಾಗುವುದೋ ಆ ದಾರಿಯಲ್ಲೇ ಸೋರಿಕೆ. ಬೂಸ್ಟರಿನ ದಪ್ಪ ಕೊಳವೆಯನ್ನು ಮರೆಯಬೇಡಿ. ಅದು ಸೋರಿದರೆ ಐಡ್ಲಿಂಗೂ ಕೆಡುತ್ತದೆ, ಬ್ರೇಕೂ ಕೆಡುತ್ತದೆ. ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ಟಿನ ಮೇಲೆ ತುಂತುರು ನೀರು ಚಿಮುಕಿಸಿದಾಗ ಶಬ್ದ ಬದಲಾದರೆ ಅಲ್ಲಿಯೂ ಗಾಳಿ ನುಗ್ಗುತ್ತಿದೆ. ಕೆಲವರು ಇದಕ್ಕೆ ಪೆಟ್ರೋಲು ಎರಚುವುದುಂಟು. ಬಿಸಿ ಎಂಜಿನಿನ ಮೇಲೆ ಅದು ಬೆಂಕಿಗೆ ಆಹ್ವಾನ.

ಈಗ ರಬ್ಬರ್ ಕೊಳವೆಗಳ ಮೇಲೆ ಹೆಚ್ಚು ಗಮನವಿಡಲು ಇನ್ನೊಂದು ಕಾರಣವಿದೆ. 2025ರಲ್ಲಿ ನಮ್ಮ ದೇಶ ಪೆಟ್ರೋಲಿಗೆ ಶೇಕಡ 20 ಎಥನಾಲ್ ಬೆರೆಸುವ ಗುರಿ ಮುಟ್ಟಿತು. ಕಬ್ಬಿಗೂ ಜೋಳಕ್ಕೂ ಗಿರಾಕಿ ಸಿಕ್ಕಿದ್ದು ನಮಗೆ ಸಂತೋಷವೇ. ಆದರೆ ಹಳೆಯ ಗಾಡಿಯ ಪೆಟ್ರೋಲ್ ಕೊಳವೆಗಳು ಇದಕ್ಕಾಗಿ ಮಾಡಿದವಲ್ಲ, ಉಬ್ಬಿ ಬಿರಿಯುತ್ತವೆ. ಟ್ಯಾಂಕಿನ ಹಳೆಯ ಕೊಳೆಯೂ ಕಳಚಿ ಆ ಕಿರುಜೆಟ್ಟಿಗೆ ಬಂದು ಕೂರುತ್ತದೆ. ಕೊಳವೆ ಬದಲಿಸುವಾಗ ಪೆಟ್ರೋಲ್ ಫಿಲ್ಟರನ್ನೂ ಬದಲಿಸುವುದು ಮೇಲು.

ಸೋರಿಕೆ ಸಿಗದಿದ್ದರೆ ಪ್ಲಗ್ ಬಿಚ್ಚಿ. ಓಮ್ನಿಗೆ ಮೂರೇ ಸಿಲಿಂಡರು. ಒಂದು ಕೈಕೊಟ್ಟರೂ ಮೂರನೆಯ ಒಂದು ಪಾಲು ಶಕ್ತಿ ಹೋಯಿತು. ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣವಿದ್ದರೆ ಒಳ್ಳೆಯದು. ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿದೆ ಅಥವಾ ಕಿಡಿ ಸಾಲದು. ಧೂಳು ತುಂಬಿದ ಏರ್ ಫಿಲ್ಟರಿನಿಂದಲೂ, ಒಳಕ್ಕೆ ಪೂರ್ತಿ ಹೋಗದ ಚೋಕಿನಿಂದಲೂ ಹೀಗಾಗುತ್ತದೆ. ಬಿಳಿಚಿದ್ದರೆ ಗಾಳಿ ಹೆಚ್ಚಾಗಿದೆ. ಮೂರರಲ್ಲಿ ಒಂದು ಮಾತ್ರ ಬೇರೆ ಬಣ್ಣವಿದ್ದರೆ ಆ ಸಿಲಿಂಡರಿನ ವೈರನ್ನು ಮೊದಲು ನೋಡಿ.

ಅನೇಕ ಕಾರ್ಬ್ಯುರೇಟರುಗಳಲ್ಲಿ ಐಡ್ಲಿಂಗ್ ಪೆಟ್ರೋಲನ್ನು ತಡೆದು ಬಿಡುವ, ಕರೆಂಟಿನಿಂದ ನಡೆಯುವ ಒಂದು ಪುಟ್ಟ ವಾಲ್ವ್ ಇರುತ್ತದೆ. ಬೀಗದ ಕೈ ತಿರುಗಿಸಿದಾಗ ಅದು ‘ಟಿಕ್’ ಎನ್ನಬೇಕು. ಅದರ ವೈರು ಕಳಚಿದ್ದರೆ ಎಂಜಿನು ಕಾಲು ತೆಗೆದ ಕ್ಷಣವೇ ನಿಲ್ಲುತ್ತದೆ. ಇಷ್ಟಕ್ಕಾಗಿ ಕಾರ್ಬ್ಯುರೇಟರನ್ನೇ ಬದಲಿಸಿ ಹಣ ಕಳೆದುಕೊಳ್ಳಬೇಕಾಗಿಲ್ಲ.

ಇವೆಲ್ಲ ಸರಿಯಾದ ಮೇಲೆ ಸ್ಕ್ರೂ. ಎರಡಿರುತ್ತವೆ: ಒಂದು ವೇಗಕ್ಕೆ, ಇನ್ನೊಂದು ಪೆಟ್ರೋಲು-ಗಾಳಿಯ ಮಿಶ್ರಣಕ್ಕೆ. ಮೊದಲಿದ್ದ ಸ್ಥಾನವನ್ನು ಗುರುತು ಹಾಕಿಕೊಂಡು, ಮಿಶ್ರಣದ ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸುತ್ತ ಎಂಜಿನು ಅತ್ಯಂತ ಸಮನಾಗಿ ಓಡುವ ಜಾಗ ಹುಡುಕಿ. ಬಲವಾಗಿ ಬಿಗಿದರೆ ಅದರ ಮೊನೆ ಕೆಡುತ್ತದೆ. ಬಳಿಕ ವೇಗದ ಸ್ಕ್ರೂವನ್ನು, ಹೆಡ್‌ಲೈಟ್ ಹಾಕಿದರೂ ಎಂಜಿನು ನಿಲ್ಲದಷ್ಟಕ್ಕೆ ಇಳಿಸಿ. ಕಾರ್ಬ್ಯುರೇಟರಿಲ್ಲದ, ಇಂಜೆಕ್ಷನ್ ಪದ್ಧತಿಯ ಈಚಿನ ಓಮ್ನಿಗಳಿಗೆ ಈ ಸ್ಕ್ರೂ ಕೆಲಸ ಹೊಂದುವುದಿಲ್ಲ. ಅವುಗಳಲ್ಲಿ ಕೊಳವೆ, ಫಿಲ್ಟರ್, ಪ್ಲಗ್ ಮಾತ್ರ ನೀವು ನೋಡಿ. ಉಳಿದುದನ್ನು ಬಲ್ಲ ಮೆಕ್ಯಾನಿಕರಿಗೆ ಬಿಡಿ.