ತತ-ವಿತತ ವಿಚಾರ: ತಂತಿವಾದ್ಯದ ಒಂದು ಪಾಠನಿರ್ಣಯ

ಶಬ್ದವು ಪುದ್ಗಲದ ಪರ್ಯಾಯವೆಂಬುದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದ 24ನೆಯ ಸೂತ್ರದಿಂದ ಸಿದ್ಧವಾಗಿದೆ. ಅದಕ್ಕೆ ಸರ್ವಾರ್ಥಸಿದ್ಧಿಯಲ್ಲಿ ವ್ಯಾಖ್ಯಾನ ಮಾಡುವಾಗ ಪೂಜ್ಯಪಾದರು ವಾದ್ಯಜನ್ಯ ಶಬ್ದವನ್ನು ತತ, ವಿತತ, ಘನ, ಸೌಷಿರ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಚರ್ಮ ಬಿಗಿದ ಪುಷ್ಕರ, ಭೇರಿ, ದರ್ದುರಗಳದು ತತ. ತಂತಿ ಕಟ್ಟಿದ ವೀಣೆ, ಸುಘೋಷೆಗಳದು ವಿತತ.

ಅಮರಕೋಶವನ್ನು ಬಾಲ್ಯದಲ್ಲಿಯೇ ಕಂಠಸ್ಥ ಮಾಡಿದವರು ಇಲ್ಲಿ ತಡೆದು ನಿಲ್ಲುವುದು ಸಹಜ. ಅಮರಸಿಂಹನಿಗೂ ಅವನಿಗಿಂತ ಹಿಂದಿನ ನಾಟ್ಯಶಾಸ್ತ್ರಕ್ಕೂ ವೀಣೆಯೇ ತತ. ಚರ್ಮವಾದ್ಯ ಆನದ್ಧ ಅಥವಾ ಅವನದ್ಧ. ಹೀಗಿರಲು ಓಲೆಯ ಪಾಠ ಲಿಪಿಕಾರನ ಪ್ರಮಾದವೆಂದು ಬಗೆದು ಎರಡು ಪದಗಳನ್ನು ಅದಲುಬದಲು ಮಾಡುವ ಆಸೆ ಸಂಪಾದಕನಿಗೆ ಹುಟ್ಟಬಹುದು. ಈ ತಿದ್ದುಪಡಿ ಸಲ್ಲದು. ತತವೆಂಬ ಹೆಸರಿಗೆ ಚರ್ಮದ ತನನವೇ, ಎಂದರೆ ಎಳೆದು ಬಿಗಿಯುವಿಕೆಯೇ, ಕಾರಣವೆಂದು ವೃತ್ತಿಕಾರರು ಬಾಯಿಬಿಟ್ಟು ಹೇಳಿದ್ದಾರೆ. ಪದವನ್ನು ಬದಲಿಸಿದರೆ ಈ ನಿರುಕ್ತಿಗೆ ಆಧಾರವೇ ಇಲ್ಲದಂತಾಗುತ್ತದೆ. ಅಕಲಂಕದೇವರ ರಾಜವಾರ್ತಿಕದಲ್ಲಿಯೂ ಇದೇ ವಿಭಾಗವಿದೆ. ಪಾಲಿ ವ್ಯಾಖ್ಯಾನಗಳಲ್ಲಿ ಆತತ, ವಿತತಗಳೆರಡೂ ಚರ್ಮವಾದ್ಯಗಳೇ. ಆದುದರಿಂದ ತನ್ ಧಾತುವಿನ ಪದವನ್ನು ಚರ್ಮಕ್ಕೆ ಸಲ್ಲಿಸಿದವರು ಜೈನರೊಬ್ಬರೇ ಅಲ್ಲ.

ಆದರೆ ನಮ್ಮ ಆಗಮಪರಂಪರೆಯಲ್ಲಿ ಇನ್ನೊಂದು ಕ್ರಮವೂ ಉಂಟು. ಮೂಡಬಿದಿರೆಯ ಹಳಗನ್ನಡ ಲಿಪಿಯ ಓಲೆಗಳಲ್ಲಿ ಉಳಿದುಬಂದ ಧವಲಾಟೀಕೆಯಲ್ಲಿ ವೀರಸೇನಾಚಾರ್ಯರು ವೀಣೆ, ತಿಸರಿ, ಆಲಾವಣಿ ಮೊದಲಾದವುಗಳನ್ನು ತತವೆಂದೂ ಭೇರಿ, ಮೃದಂಗ, ಪಟಹಗಳನ್ನು ವಿತತವೆಂದೂ ಕರೆದಿದ್ದಾರೆ. ಆಲಾವಣಿಯು ಶಾರ್ಙ್ಗದೇವನ ಸಂಗೀತರತ್ನಾಕರದಲ್ಲಿ ಬರುವ ಆಲಾಪಿನೀ ವೀಣೆಯೇ ಇರಬೇಕು. ರತ್ನಾಕರವು 13ನೆಯ ಶತಮಾನದ ಗ್ರಂಥವಾದುದರಿಂದ, ವಾದ್ಯಗಳ ಇತಿಹಾಸಕ್ಕೆ ಧವಲೆಯ ಈ ಸಾಕ್ಷ್ಯ ಬಹು ಬೆಲೆಯುಳ್ಳದ್ದು. ಸಂಗೀತಜ್ಞರು ಇದನ್ನು ಇನ್ನಷ್ಟು ಗಮನಿಸಬೇಕಾಗಿದೆ.

ಸುಘೋಷೆಯ ವಿಷಯದಲ್ಲಿಯೂ ಎಚ್ಚರ ಬೇಕು. ಭಗವದ್ಗೀತೆಯಲ್ಲಿ ಸುಘೋಷವು ನಕುಲನ ಶಂಖ. ಆ ನೆನಪಿನಿಂದ ಇದನ್ನು ಸೌಷಿರಕ್ಕೆ ಸೇರಿಸಲಾಗದು. ಶಕ 705ರ (ಕ್ರಿ.ಶ. 783) ಹರಿವಂಶಪುರಾಣದಲ್ಲಿ ವಸುದೇವನು ವೀಣಾಸ್ಪರ್ಧೆಯನ್ನು ಗೆಲ್ಲುವುದು ಸುಘೋಷೆಯೆಂಬ ವೀಣೆಯಿಂದಲೇ.

ಹಾಸನ ಸೀಮೆಗೆ ಈ ಚರ್ಚೆ ದೂರದ್ದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಚಂದ್ರಗಿರಿಯ ಮಹಾನವಮಿ ಮಂಟಪದ 1163ರ ಶಾಸನವು ದೇವನಂದಿಗಳಿಗೆ ಪೂಜ್ಯಪಾದರೆಂಬ ಹೆಸರು ಬಂದ ಬಗೆಯನ್ನು ಹೇಳುತ್ತದೆ. ಸಮೀಪದ ಜಿನನಾಥಪುರದಲ್ಲಿ ರೇಚಿಮಯ್ಯನು ಕಟ್ಟಿಸಿದ ಶಾಂತಿನಾಥ ಬಸದಿಯ ಹೊರಭಿತ್ತಿಯಲ್ಲಿ ಜಿನಬಿಂಬ, ಯಕ್ಷಯಕ್ಷಿಯರೊಡನೆ ವಾದ್ಯಗಾರರೂ ನರ್ತಕಿಯರೂ ಇದ್ದಾರೆ. ಅತ್ತ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವು ಸಂಗೀತಗಾರರ ಊರು. ಅಲ್ಲಿ ತಂಬೂರಿಯ ಆಕಾರದಲ್ಲಿಯೇ ಒಂದು ಮಂದಿರವಿದೆ. ಸರ್ವಾರ್ಥಸಿದ್ಧಿಯನ್ನು ಪಾಠ ಹೇಳುವವರು ಆ ತಂಬೂರಿಯನ್ನು ವಿತತಕ್ಕೆ ಉದಾಹರಿಸಬೇಕು, ಧವಲೆಯನ್ನು ಹೇಳುವವರು ತತಕ್ಕೆ.

ಓಲೆಗಳನ್ನು ತಾಳೆ ನೋಡುವವರು ಆಯಾ ಗ್ರಂಥದ ಪಾಠವನ್ನು ಇದ್ದಂತೆಯೇ ಮೇಲೆ ಉಳಿಸಿ, ಮತಭೇದವನ್ನು ಅಡಿಟಿಪ್ಪಣಿಯಲ್ಲಿ ಕಾಣಿಸತಕ್ಕದ್ದು. ಕನ್ನಡ ಟೀಕೆಗಳಲ್ಲಿ ‘ತತ’ ಎಂಬುದಕ್ಕೆ ಅರ್ಥ ಬರೆಯುವ ಮುನ್ನ, ಟೀಕಾಕಾರನು ಪೂಜ್ಯಪಾದರನ್ನು ಅನುಸರಿಸಿದ್ದಾನೆಯೇ ವೀರಸೇನರನ್ನೇ ಎಂಬುದನ್ನು ಅವನು ಕೊಟ್ಟ ವಾದ್ಯಗಳ ಪಟ್ಟಿಯಿಂದಲೇ ನಿಶ್ಚಯಿಸಬೇಕು.